ಮೌನಿಯ ಹೊಟ್ಟೆಯಲ್ಲಿ ಗುಂಡುಸೂಜಿ

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಮೌನಿ ಎಂದೇ ಕರೆಯುತ್ತಿದ್ದರು. ಬಾಯಿ ತೆರೆಯದವಳ ತಲೆಯೊಳಗೆ ಎಷ್ಟು ಗದ್ದಲವಿತ್ತೆಂದು ಅವರಿಗೇನು ಗೊತ್ತು?

ಅಂದು ಬೆಳಿಗ್ಗೆ, ಮನಶ್ಶಾಂತಿಯ ಬಗ್ಗೆ ಊರೂರು ತಿರುಗಿ ಭಾಷಣ ಮಾಡುವ ದೊಡ್ಡ ಮನುಷ್ಯರೊಬ್ಬರು ಬಂದರು. ಶಾಂತಿಯ ಜೊತೆಗೆ ಹೊಟ್ಟೆಯೂ ಬೆಳೆದು ಪ್ಯಾಂಟು ಬಿಗಿಯಾಗಿತ್ತು. ಮೌನಿ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಹಿಂಬದಿಯ ಹೊಲಿಗೆ ಬಿಚ್ಚಿ, ಅಳತೆಗೆ ಒಂದೊಂದಾಗಿ ಬಟ್ಟೆಗೆ ಚುಚ್ಚುತ್ತಿದ್ದಳು. ಬಾಯಲ್ಲಿ ಸೂಜಿ ಇಟ್ಟುಕೊಂಡರೆ ಕೆಲಸ ಬಿಟ್ಟು ಹೋಗು ಎಂದು ಅಂಗಡಿಯ ಮಾಸ್ಟರ್ ಹೇಳಿಯಾಗಿತ್ತು.

"ಯಾಕಮ್ಮ ಅಷ್ಟು ಸಲ ಅಳತೆ ನೋಡ್ತೀಯ? ಯೋಚನೆ ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ. ನನ್ನ ನೋಡು, ಆಕಾಶ ಕಳಚಿ ಬಿದ್ರೂ ಅಲ್ಲಾಡಲ್ಲ," ಎಂದರು ಭಾಷಣದವರು.

ನಗು ತಡೆಯಲು ಅವಳು ಗುಳುಕ್ಕನೆ ಉಗುಳು ನುಂಗಿದಳು.

ಹೊಲಿದ ಪ್ಯಾಂಟು ತೊಟ್ಟು ಅವರು ಪಕ್ಕದ ಬೀದಿಯ ಸಭೆಗೆ ನಡೆದೇ ಹೋದರು. ಆಮೇಲೆ ಡಬ್ಬಿಯ ಗುಂಡುಸೂಜಿ ಎಣಿಸಿ ನೋಡಿದರೆ ಒಂದು ಕಡಿಮೆ.

ನುಂಗಿಬಿಟ್ಟೆನೇ!

ತಲೆ ಓಟ ಕಿತ್ತಿತು. ಸೂಜಿ ಗಂಟಲಿಳಿಯಿತು, ಕರುಳು ಹೊಕ್ಕಿತು, ಡಾಕ್ಟರು ಕತ್ತರಿ ಹಿಡಿದರು, ಅಮ್ಮ ಎದೆ ಬಡಿದುಕೊಂಡಳು, ಅತ್ತಿಗೆ ಅಳುತ್ತಲೇ ಅವಳ ಕಪಾಟು ಖಾಲಿ ಮಾಡಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಮೌನಿ ಸತ್ತು, ಎಲ್ಲರೂ ಅತ್ತು, ಮರೆತೂ ಆಗಿತ್ತು.

ಬಿದ್ದ ಸೂಜಿ ಹೆಕ್ಕುವ ಅಯಸ್ಕಾಂತ ಗೋಡೆಯಲ್ಲಿತ್ತು. ಪರದೆಯ ಮರೆಗೆ ಹೋಗಿ ಅದನ್ನು ಹೊಟ್ಟೆಗೆ ಒತ್ತಿಕೊಂಡಳು. ಟಪ್ಪೆಂದು ಅಂಟಿಕೊಂಡಿತು.

"ಅಯ್ಯೋ, ಒಳಗೇ ಇದೆ!"

ಮಾಸ್ಟರ್ ಓಡಿ ಬಂದರು. "ಏನೇ ಇದು? ಅದು ನಿನ್ನ ಸೊಂಟದ ಸೀರೆ ಪಿನ್ನು ಕಣೇ! ಒಳಗೇನಿದೆ?"

ಕೆಲಸ ಹೋದರೆ ಹೋಗಲಿ, ಜೀವ ಮುಖ್ಯ. "ಗುಂಡುಸೂಜಿ... ಬಾಯಲ್ಲಿಟ್ಕೊಂಡಿದ್ದೆ ಮಾಸ್ಟರ್. ನುಂಗ್ಬಿಟ್ಟೆ."

ಮಾಸ್ಟರ್ ಮುಖ ಬಿಳುಚಿತು. ಬೈಯಲೂ ಮರೆತರು. "ನಡಿ, ನಡಿ ಆಸ್ಪತ್ರೆಗೆ!"

ಅಷ್ಟರಲ್ಲಿ ಭಾಷಣದವರು ಹಿಂಬದಿ ಹಿಡಿದುಕೊಂಡು ನುಗ್ಗಿದರು. ಮುಖ ಕೆಂಡವಾಗಿತ್ತು. ಬೆರಳುಗಳ ನಡುವೆ ಗುಂಡುಸೂಜಿ.

"ಯಾವಳು ಹೊಲಿದಿದ್ದು ಇದನ್ನ? ಇಷ್ಟು ಹೊತ್ತೂ ನಿಂತೇ ಮಾತಾಡಿದೆ, ಏನೂ ಆಗ್ಲಿಲ್ಲ. ಚಪ್ಪಾಳೆ ಬಿತ್ತು ಅಂತ ಕೂತೆ! ಅಷ್ಟು ಜನರ ಮುಂದೆ ಹೇಗೆ ಕಿರುಚಿದೆ ಗೊತ್ತಾ?"

ಮೌನಿ ಆ ಸೂಜಿಯನ್ನೇ ನೋಡಿದಳು. ಹುಟ್ಟಿದಾಗಿನಿಂದ ಒಳಗಿಟ್ಟಿದ್ದ ದನಿಯೆಲ್ಲ ಒಮ್ಮೆಗೇ ಹೊರಬಂತು.

"ನಿಮಗೆ ಚುಚ್ಚಿತಾ ಸರ್? ಅಬ್ಬಾ, ತುಂಬಾ ಸಂತೋಷ ಆಯ್ತು! ಚೆನ್ನಾಗಿ ಚುಚ್ಚಿತಾ?"

ಮಾಸ್ಟರ್ ತಟ್ಟನೆ ಅವಳನ್ನು ಹಿಂದಕ್ಕೆ ತಳ್ಳಿ, ನಗು ಬಿಗಿಹಿಡಿದು ಕುರ್ಚಿ ಎಳೆದರು. "ಸಮಾಧಾನ ಸರ್, ಸಮಾಧಾನ. ಮೊದ್ಲು ಕೂತ್ಕೊಳ್ಳಿ."

"ಕೂತ್ಕೊಳ್ಳೋದಾ?" ಎಂದು ಮನಶ್ಶಾಂತಿಯವರು ಬೀದಿಗೆಲ್ಲ ಕೇಳುವಂತೆ ಅರಚಿದರು.