ಪರಿಮಳಾ ಡಾಕ್ಟರ ಸಾಕ್ಷಿಪತ್ರ

ಕಾರು ಮನೆ ಮುಂದೆ ನಿಂತದ್ದೇ ತಡ, ದೇವಾಪುರದ ಆಶಾ ಕಾರ್ಯಕರ್ತೆ ಗೊಲ್ಲಾಳಮ್ಮ ಹಂಚಿನ ಮೇಲಿನ ರೊಟ್ಟಿ ಮರೆತು ಹೊರಗೆ ಓಡಿ ಬಂದಳು. ಡಾಕ್ಟರ್ ಪರಿಮಳಾ ಎರಡು ವರ್ಷದ ಮೇಲೆ ಬಂದಿದ್ದಳು! ಶಹಾಪುರದ ಈ ಹುಡುಗಿ ಬಸುರಿಯರ ರಕ್ತಹೀನತೆಯ ಮೇಲೆ ಸಂಶೋಧನೆ ಮಾಡುವಾಗ, ನಾಲ್ಕು ವರ್ಷ ಓಣಿ ಓಣಿ ಸುತ್ತಿ ರಕ್ತದ ಮಾದರಿ ತಂದುಕೊಟ್ಟವಳು ಗೊಲ್ಲಾಳಮ್ಮ. ಹೆತ್ತ ಮಗಳ ಮೇಲೂ ಅವಳಿಗೆ ಅಷ್ಟು ಅಭಿಮಾನ ಇರಲಿಲ್ಲ.

“ಅಮೇರಿಕಾಕ್ಕ ಹೊಂಟೀನಿ ಅತ್ತಿ. ಅಸಾಧಾರಣ ಪ್ರತಿಭೆ ಇದ್ದವರಿಗೆ ಬ್ಯಾರೇನಽ ವೀಸಾ ಕೊಡ್ತಾರ. ಹೊಸಾದು ಏನ್ ಮಾಡೀದಿ, ಸಾಕ್ಷಿ ತಾ ಅಂತಾರ. ಇದಕ್ಕೊಂದು ಸಹಿ ಹಾಕ್ರಿ.”

“ಒಂದ್ಯಾಕವ್ವ, ಹತ್ತು ಹಾಕ್ತೀನಿ, ತರ್ರಿ,” ಎಂದು ಗೊಲ್ಲಾಳಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಾಗದ ಹಿಡಿದಳು. ಏಳನೆಯ ತರಗತಿವರೆಗೆ ಕಲಿತವಳು, ಕಣ್ಣುಮುಚ್ಚಿ ಸಹಿ ಹಾಕುವ ಪೈಕಿ ಅಲ್ಲ. ಅಕ್ಷರಕ್ಕೆ ಬೆರಳಿಟ್ಟು ಓದಿದಳು.

‘ರಕ್ತ ಕೊಡಲು ಹೆದರುವ ಬಸುರಿಯರ ಹೊಸ್ತಿಲಲ್ಲಿ ಕೂತು, ಮೊದಲು ತಮ್ಮ ಬೆರಳನ್ನೇ ಚುಚ್ಚಿಕೊಂಡು ತೋರಿಸುವ ವಿಧಾನವನ್ನು ಡಾ. ಪರಿಮಳಾ ಕಂಡುಕೊಂಡರು. ಮನೆಮನೆಗೂ ತಾವೇ ಹೋದರು. ನಾನು ಚೀಲ ಹಿಡಿದು ಜೊತೆಗಿದ್ದೆ.’

ಗೊಲ್ಲಾಳಮ್ಮ ಮತ್ತೆ ಮೊದಲ ಸಾಲಿಗೇ ಬೆರಳು ಒಯ್ದಳು. ಚುಚ್ಚಿಕೊಂಡದ್ದು ಯಾರು? ಬಸುರಿಯ ರಕ್ತ ಹೊರಗೆ ಹೋಗಬಾರದೆಂದು ಅತ್ತೆಯಂದಿರು ಬಾಗಿಲಿಗೆ ಅಡ್ಡ ನಿಂತಾಗ, ನಾನೂರು ಹೊಸ್ತಿಲಲ್ಲಿ ಮೊದಲ ಹನಿ ಕೊಟ್ಟವಳು ತಾನು. ಆ ಮಹಾತಾಯಿ ಬಿಸಿಲಿಗೆ ಹೆದರಿ ಜೀಪಿನಿಂದ ಇಳಿದವಳೇ ಅಲ್ಲ!

“ಇದು ಸುಳ್ಳು ಅದರಿ.”

“ಅತ್ತಿ, ನೀವೇನು ಅಮೇರಿಕಾಕ್ಕ ಹೋಗೋರೇನು? ಈ ಹೆಸರು ತಗೊಂಡು ಏನ್ ಮಾಡ್ತೀರಿ?” ಪರಿಮಳಾ ನಕ್ಕಳು.

ಗೊಲ್ಲಾಳಮ್ಮನಿಗೆ ಮೈಯೆಲ್ಲ ಉರಿಯಿತು. ಮಗಳೆಂದು ನಂಬಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

“ನಾ ಎಲ್ಲಿ ಹೋಗಲವ್ವ? ನಾಳೆ ಇವಽ ಬಾಗಲಾ ಬಡೀಬೇಕು. ಗೊಲ್ಲಾಳಮ್ಮ ಸುಳ್ಳು ಹೇಳ್ತಾಳ ಅಂತ ಆದ್ರ ಯಾರು ಬಾಗಲಾ ತಗೀತಾರ? ನನ್ನ ಕಡೆ ಇರೋದು ಅದೊಂದಽ ಭರೋಸಾ. ಸಹಿ ಹಾಕಂಗಿಲ್ರಿ.”

ಪರಿಮಳಾ ಜಗಳಕ್ಕೆ ಬರಲಿಲ್ಲ. ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದು, ಸಹಿಯಿಲ್ಲದ ಹಾಳೆಯನ್ನು ಅದರ ಅಡಿಗಿಟ್ಟಳು. ಮೇಲಿನ ಹಾಳೆಗಳಿಗೆಲ್ಲ ಆಗಲೇ ಸಹಿ ಬಿದ್ದಿತ್ತು. ಡಾಕ್ಟರೇ ಬೆರಳು ಚುಚ್ಚಿಕೊಂಡಳೆಂಬ ಅದೇ ಒಕ್ಕಣೆ, ಕೆಳಗೆ ಒಂದೊಂದು ಹೆಸರು: ದುರ್ಗಾದೇವಿ, ಉಮಾಶ್ರೀ, ಪಾರ್ವತೆಮ್ಮ, ಹಜರಾಬೀ. ಎಲ್ಲರೂ ದೇವಾಪುರದವರೇ, ಗೊಲ್ಲಾಳಮ್ಮನ ಬೆರಳಿನ ರಕ್ತವನ್ನು ಕಣ್ಣಾರೆ ಕಂಡವರೇ.

“ಓದಿ ಹಾಕ್ಯಾರೇನ್ರಿ ಇವರು?” ಗೊಲ್ಲಾಳಮ್ಮ ಹೆಸರುಗಳ ಮೇಲೆ ಬೆರಳಿಟ್ಟು ಕೇಳಿದಳು.

“ಓದೂದು ಯಾಕ ಬೇಕು? ಗೊಲ್ಲಾಳಮ್ಮ ಹೇಳಿ ಕಳಿಸ್ಯಾಳ ಅಂದೆ. ಒಬ್ಬರೂ ತಿರುಗಿ ಕೇಳಲಿಲ್ಲ, ಹಾಕಿ ಕೊಟ್ರು. ಮ್ಯಾಲ ಚಾನೂ ಕುಡಿಸಿದ್ರು.”