ಮೈನಸ್ ಹದಿಮೂರು ಅಡಿ ಅಗಲದ ಕೋಣೆ

ನಮ್ಮ ಲಾಂಡ್ರಿಯ ವ್ಯಾನು ಓಡಿಸುವವನನ್ನು ಎಲ್ಲರೂ ಪ್ರೊಫೆಸರ್ ಎಂದೇ ಕರೆಯುವುದು. ಸಂಜೆ ಕಾಲೇಜಿನ ಬೀಜಗಣಿತ ಪರೀಕ್ಷೆಗೆ ಅವನಷ್ಟು ಸಲ ಕೂತವರು ಆ ಕಾಲೇಜಿನಲ್ಲೇ ಇಲ್ಲ. ಕೂತಷ್ಟು ಸಲವೂ ಫೇಲು. ಬೇರೆಯವರಾಗಿದ್ದರೆ ತಲೆ ತಗ್ಗಿಸಿ ಓಡಾಡುತ್ತಿದ್ದರು. ಇವನು ಅದನ್ನು ಸರ್ವಿಸ್ ಎಂದುಕೊಂಡಿದ್ದಾನೆ.

"ಆ ಪೇಪರ್ರಾ ಅಕ್ಕಾ? ಅಂಗೈ ಮೇಲಿನ ನೆಲ್ಲಿಕಾಯಿ ನನಗೆ!"

ಅಂಗೈಯಲ್ಲಿ ಇಷ್ಟು ವರ್ಷ ಇಟ್ಟುಕೊಂಡರೆ ನೆಲ್ಲಿಕಾಯಿಯೂ ಕೊಳೆಯುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ, ಯಾಕೆಂದರೆ ನನ್ನ ತಂಗಿ ಅವನನ್ನು ನಂಬಿದ್ದಳು.

ತಂಗಿ ನಮ್ಮಲ್ಲೇ ಕಲೆ ತೆಗೆಯುವ ಮೇಜಿನಲ್ಲಿ ಕೆಲಸಕ್ಕಿದ್ದಳು. ಶಾಯಿ, ಎಣ್ಣೆ, ರಕ್ತ, ಯಾವ ಕಲೆಗೆ ಯಾವ ಬಾಟಲಿ ಎಂದು ನೋಡಿ ಉಜ್ಜುವ ಕೆಲಸ. ನರ್ಸಿಂಗ್ ಶಾಲೆಯಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಆದರೆ ಬೀಜಗಣಿತ ಪಾಸಾದರೆ ಮಾತ್ರ ಸೀಟು. ಎರಡು ಸಲ ಹೋಗಿತ್ತು, ಮೂರನೆಯದೇ ಕೊನೆ. ಈ ಸಲವೂ ಹೋದರೆ ಆ ಬಾಟಲಿಗಳ ಜೊತೆಯಲ್ಲೇ ಅವಳ ಆಯುಷ್ಯ ಕಳೆಯಬೇಕು. ಆ ಬಾಟಲಿಗಳ ರಾಸಾಯನಿಕಕ್ಕೆ ಆಗಲೇ ಅವಳ ಬೆರಳ ತುದಿಗಳ ಚರ್ಮ ಸುಲಿಯುತ್ತಿತ್ತು.

ಆ ಪರೀಕ್ಷೆಗೆ ಕಟ್ಟಿದ್ದ ನಮ್ಮ ಅಂಗಡಿಯ ಮೂರನೆಯವನು ಇಸ್ತ್ರಿ ಮೇಜಿನವನು, ಹೂಂಗುಟ್ಟಪ್ಪ. ಏನು ಕೇಳಿದರೂ "ಹೂಂ" ಅನ್ನುತ್ತಾನೆ. ಶರ್ಟು ಸುಟ್ಟೆಯಾ ಅಂದರೂ ಹೂಂ, ಸುಡಲಿಲ್ಲ ತಾನೆ ಅಂದರೂ ಹೂಂ.

ಈ ಮೂವರೂ ಸೇರಿ ಪರೀಕ್ಷೆಗೆ ಓದಲು ಗುಂಪು ಕಟ್ಟಿದರು. ಬೀಗದ ಕೈ ನನ್ನ ಹತ್ತಿರ ಇರುವುದರಿಂದ ಸಂಜೆ ಅಂಗಡಿ ಮುಚ್ಚಿದ ಮೇಲೆ ಒಳಗೆ ಕೂರಲು ಬಿಟ್ಟೆ. ಒಗೆದ ಬಟ್ಟೆ ಮಡಿಸುವ ಉದ್ದ ಮೇಜಿಗೆ ಮೂರು ಸ್ಟೂಲು ಎಳೆದುಕೊಂಡರು. ನಾನು ಕೌಂಟರಿನಲ್ಲಿ ಗುಂಡಿ ಹೊಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಮೊದಲ ದಿನವೇ ಪ್ರೊಫೆಸರ್ ಮೇಜು ಬಡಿದ. "ನೋಡಿ, ಇಷ್ಟು ದಪ್ಪ ಪುಸ್ತಕ ಒಬ್ಬೊಬ್ಬರೇ ಓದೋದು ದಡ್ಡರ ಕೆಲಸ. ಇಲ್ಲಿ ಹೇಗೆ ಕೆಲಸ ನಡೆಯುತ್ತೆ? ಒಬ್ಬರು ಕಲೆ ತೆಗೀತಾರೆ, ಒಬ್ಬರು ಇಸ್ತ್ರಿ ಮಾಡ್ತಾರೆ, ನಾನು ಮನೆಮನೆಗೆ ಮುಟ್ಟಿಸ್ತೀನಿ. ಶರ್ಟು ಹೋಗುತ್ತಾ ಇಲ್ವಾ?"

"ಹೂಂ," ಅಂದ ಹೂಂಗುಟ್ಟಪ್ಪ.

"ಹಂಗೇ ಇದೂ. ಪಾಠ ಪಾಲು ಮಾಡ್ಕೊಳ್ಳೋಣ. ಒಬ್ಬೊಬ್ಬರು ಒಂದೊಂದರಲ್ಲಿ ಹುಲಿ ಆಗೋಣ. ಕೊನೇ ವಾರ ಒಬ್ಬರಿಗೊಬ್ಬರು ಹೇಳ್ಕೊಟ್ರೆ ಮುಗೀತು."

ಕೇಳಲು ಎಷ್ಟು ಚೆಂದ! ಘಾತಾಂಕ, ಲಾಗರಿದಮ್ ಎಲ್ಲ ಹೂಂಗುಟ್ಟಪ್ಪನಿಗೆ ಬಿತ್ತು. ಅವನು ಹೂಂ ಅಂದ. ವರ್ಗ ಸಮೀಕರಣ ಪ್ರೊಫೆಸರ್ ತನಗೇ ಇಟ್ಟುಕೊಂಡ. "ಮೇನ್ ಐಟಂ ಅದು, ಅನುಭವ ಬೇಕು." ಕತೆಯಂತೆ ಬರೆದ ಲೆಕ್ಕಗಳನ್ನು, ಕೋಣೆ, ತೋಟ, ಓಡುವ ರೈಲು ಅಂತ ಬರುತ್ತವಲ್ಲ ಅವನ್ನು, ತಂಗಿಯ ತಲೆಗೆ ಕಟ್ಟಿದ. "ಅದು ಲೆಕ್ಕಾನೇ ಅಲ್ಲ, ಹರಟೆ. ಹೆಣ್ಣುಮಕ್ಕಳಿಗೆ ಸುಲಭ," ಅಂದ. ಸೂಜಿ ನನ್ನ ಬೆರಳಿಗೆ ಚುಚ್ಚಿತು.

ಒಂದು ಮಾತು ಒಪ್ಪಬೇಕು, ತಂಗಿ ತನ್ನ ಪಾಲಿಗೆ ಮೋಸ ಮಾಡಲಿಲ್ಲ. ಕತೆ ಓದಿ, ಅದರೊಳಗಿನ ಸಮೀಕರಣ ಹೆಕ್ಕಿ, ಚೊಕ್ಕಟವಾಗಿ ಬರೆಯುವುದು ಕಲಿತಳು. ಆದರೆ ಅಲ್ಲಿಗೇ ನಿಲ್ಲುತ್ತಿದ್ದಳು. ಕಲೆ ಹೋದ ಶರ್ಟನ್ನು ಇಸ್ತ್ರಿ ಮೇಜಿಗೆ ಎಸೆದ ಹಾಗೆ ಹಾಳೆಯನ್ನು ಪ್ರೊಫೆಸರ್ ಕಡೆಗೆ ತಳ್ಳುತ್ತಿದ್ದಳು. "ಇದು ವರ್ಗ ಸಮೀಕರಣ ಆಯ್ತಣ್ಣ, ಇನ್ನು ನಿಮ್ಮ ಪಾಲು."

"ಇಡಮ್ಮಾ, ಇಡು. ಒಟ್ಟಿಗೆ ನೋಡೋಣ."

ಹಾಳೆಗಳು ಇಸ್ತ್ರಿಗೆ ಬಂದ ಬಟ್ಟೆಯಂತೆ ರಾಶಿ ಬಿದ್ದವು. ಪ್ರೊಫೆಸರ್ ಮಾತ್ರ ಟೀ ಕುಡಿಯುತ್ತಾ, ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟ್ರ ಸ್ವಭಾವ, ಯಾವ ವರ್ಷ ಯಾವ ಲೆಕ್ಕ ಬಂತು, ಯಾವ ಬೆಂಚಿಗೆ ಗಾಳಿ ಬರುತ್ತದೆ ಎಂದು ಹೇಳುತ್ತಿದ್ದ. ಕುರುಡ ದಾರಿ ತೋರಿಸಿದ, ಕುಂಟ ಹೌದು ಅಂದ ಅಂತಾರಲ್ಲ, ಹಾಗೆ ಹೂಂಗುಟ್ಟಪ್ಪ ತಲೆಯಾಡಿಸುತ್ತಿದ್ದ.

ಹೇಳಿಕೊಡುವ ಕೊನೆಯ ವಾರ ಬಂತು. ತಂಗಿ ಒಂದು ಹಳೆಯ ಪ್ರಶ್ನೆ ಓದಿದಳು. ಕೋಣೆಯ ಉದ್ದ ಅಗಲಕ್ಕಿಂತ ಐದು ಅಡಿ ಹೆಚ್ಚು, ನೆಲದ ವಿಸ್ತೀರ್ಣ ನೂರನಾಲ್ಕು ಚದರ ಅಡಿ, ಅಗಲ ಎಷ್ಟು?

"ಎಂಟು, ಮೈನಸ್ ಹದಿಮೂರು," ಅಂದ ಪ್ರೊಫೆಸರ್. ಪೆನ್ನು ಮುಟ್ಟಲಿಲ್ಲ. ಮೀಸೆ ನೀವಿದ.

ತಂಗಿ ಬೆರಗಾದಳು. ನನಗೇ ಒಂದು ಗಳಿಗೆ, ಅಯ್ಯೋ ಪಾಪ, ಸುಮ್ಮನೆ ಬೈದುಕೊಂಡೆನೇ ಅನ್ನಿಸಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಎಂಟು ಸರಿ ಕಣಪ್ಪಾ. ಮೈನಸ್ ಹದಿಮೂರು ಅಡಿ ಅಗಲದ ಕೋಣೆಗೆ ಬಾಗಿಲು ಎಲ್ಲಿಡ್ತೀಯ?"

"ಅಕ್ಕಾ, ಇದು ಕಾಲೇಜು ಲೆಕ್ಕ. ಎರಡೂ ಬರೀಬೇಕು. ಎರಡು ಉತ್ತರ ಬರೆದ್ರೆ ಮಾರ್ಕು ಜಾಸ್ತಿ."

"ಬಾಡಿಗೆಗೆ ಕೊಟ್ರೆ ನೀನೇ ಇರು ಅದರಲ್ಲಿ."

ತಂಗಿ ನಗಲಿಲ್ಲ. ಮೆತ್ತಗೆ ಕೇಳಿದಳು, "ಅಣ್ಣ, ವಿಸ್ತೀರ್ಣ ನೂರನಾಲ್ಕರ ಬದಲು ಅರವತ್ತಾರು ಅಂತ ಕೊಟ್ರೆ?"

ಪ್ರೊಫೆಸರ್ ಮೀಸೆಯ ಮೇಲಿನ ಕೈ ನಿಂತಿತು.

"ಯಾಕೆ ಕೊಡ್ತಾರೆ?"

"ಕೊಟ್ರೆ ಅಂತ."

"ಕೊಡಲ್ಲಮ್ಮ. ಇಷ್ಟು ವರ್ಷದ ಪೇಪರ್ ನೋಡಿದೀನಿ, ಅರವತ್ತಾರು ಬಂದೇ ಇಲ್ಲ."

"ಮಾಡಿ ತೋರ್ಸಿ, ಹೇಗೆ ಅಂತ."

"ಬರದೇ ಇರೋ ಲೆಕ್ಕ ಯಾಕೆ ಮಾಡಿ ತಲೆ ಕೆಡಿಸ್ಕೋಬೇಕು? ಟೈಮ್ ವೇಸ್ಟು." ಅವನು ಹೂಂಗುಟ್ಟಪ್ಪನ ಕಡೆ ತಿರುಗಿದ. "ಅಲ್ವೇನೋ?"

"ಹೂಂ."

ಆಗ ಗೊತ್ತಾಯಿತು. ಮಹಾನುಭಾವ ಇಷ್ಟು ವರ್ಷ ಲೆಕ್ಕ ಕಲಿತೇ ಇರಲಿಲ್ಲ. ಹಳೆಯ ಪೇಪರುಗಳ ಉತ್ತರ ಉರು ಹೊಡೆದಿದ್ದ. ಮನೆ ನಂಬರು ನೋಡಿ ಬಟ್ಟೆ ಮುಟ್ಟಿಸುವ ಹಾಗೆ ಲೆಕ್ಕ ನೋಡಿ ಉತ್ತರ ಮುಟ್ಟಿಸುತ್ತಿದ್ದ. ಮನೆ ಬದಲಾದರೆ ವ್ಯಾನು ರಸ್ತೆಯಲ್ಲೇ ನಿಲ್ಲುತ್ತಿತ್ತು.

ತಂಗಿ ಹೂಂಗುಟ್ಟಪ್ಪನಿಗೆ ಲಾಗರಿದಮ್ ಕೇಳಿದಳು. ಓದಿದೆಯಾ? ಹೂಂ. ಹೇಳಿಕೊಡ್ತೀಯಾ? ಹೂಂ. ಸರಿ, ಶುರು ಮಾಡು ಅಂದರೆ ಅವನು ಪುಸ್ತಕ ತೆಗೆದು ಇವಳ ಕಡೆಗೇ ತಿರುಗಿಸಿ ಇಟ್ಟ. ಆ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು.

ತಂಗಿ ಎದ್ದು ನಿಂತಳು. ಅತ್ತಾಳೇನೋ ಎಂದುಕೊಂಡೆ. ಅಳಲಿಲ್ಲ. ರಾಶಿ ಬಿದ್ದಿದ್ದ ತನ್ನ ಹಾಳೆಗಳನ್ನು ಒಂದೊಂದಾಗಿ ಹೆಕ್ಕಿ ಎದೆಗೆ ಒತ್ತಿಕೊಂಡಳು.

"ಪರೀಕ್ಷೆ ಹಾಲಲ್ಲಿ ಮೇಜು ಒಂದೊಂದೇ ಇರುತ್ತಣ್ಣ. ನಾನು ಅರ್ಧ ಮಾಡಿ ಯಾರ ಕಡೆ ತಳ್ಳಲಿ?"

"ಗಾಬರಿ ಆಗ್ಬೇಡಮ್ಮ, ನಾಳೆ ಒಂದೇ ಏಟಿಗೆ—"

"ನಾಳೆ ಬರ್ಬೇಡಿ."

ಅಷ್ಟೇ ಅಂದದ್ದು. ನಾನಾಗಿದ್ದರೆ ಅವನ ವಂಶಾವಳಿಯನ್ನೇ ಬಿಚ್ಚುತ್ತಿದ್ದೆ.

ಆಮೇಲಿನ ದಿನಗಳಲ್ಲಿ ಅವಳು ರಜೆ ಹಾಕಿ ನಮ್ಮ ಅಡುಗೆಮನೆಯ ಮೂಲೆ ಹಿಡಿದಳು. ಅವಳ ಮೇಜಿನಲ್ಲಿ ನಾನು ನಿಂತೆ. ಯಾರದೋ ಕೋಟಿನ ಮೇಲಿನ ಸಣ್ಣ ಶಾಯಿ ಚುಕ್ಕೆಯನ್ನು ಉಜ್ಜಿ ಉಜ್ಜಿ ಅಂಗೈ ಅಗಲದ ಮೋಡ ಮಾಡಿದೆ. ಸಂಜೆ ಮನೆಗೆ ಹೋದರೆ ಅವಳು ಪುಸ್ತಕದ ಮೊದಲ ಪುಟದಿಂದ ಬಾಯಿಬಿಟ್ಟು ಓದುತ್ತಿರುತ್ತಿದ್ದಳು. ಒಂದು ಸಂಖ್ಯೆ ಬದಲಿಸಿ ಮತ್ತೆ ಮಾಡುವುದು, ಮತ್ತೊಂದು ಬದಲಿಸಿ ಮತ್ತೆ.

"ಅರವತ್ತಾರಕ್ಕೆ ಆರು ಬರುತ್ತೆ ಅಕ್ಕಾ!" ಎಂದು ಒಂದು ಸಂಜೆ ಸೌಟು ಹಿಡಿದುಕೊಂಡೇ ಕೂಗಿದಳು. "ಇನ್ನೊಂದು ಮೈನಸ್ ಹನ್ನೊಂದು. ಅದನ್ನ ಬಿಟ್ಬಿಟ್ಟೆ."

"ಬಿಡು, ಪ್ರೊಫೆಸರ್ ಬಂದು ಇರ್ತಾನೆ."

ಆಗ ನಕ್ಕಳು. ಎಷ್ಟೋ ದಿನದ ಮೇಲೆ. ಲಾಗರಿದಮ್ ಮಾತ್ರ ಅರ್ಧಕ್ಕೇ ನಿಂತಿತು, ಸಮಯ ಸಾಲಲಿಲ್ಲ.

ಪರೀಕ್ಷೆಯ ದಿನ ನಾನು ಕಾಲೇಜಿನ ಗೇಟಿನಲ್ಲಿ ಕಾದೆ. ಎಲ್ಲರಿಗಿಂತ ಮೊದಲು ಹೊರಗೆ ಬಂದವನು ಪ್ರೊಫೆಸರ್. ಮದುವೆ ಮನೆಯಿಂದ ಉಂಡು ಬಂದವನ ಮುಖ.

"ಚಿಂದಿ ಮಾಡ್ಬಿಟ್ಟೆ ಅಕ್ಕಾ! ನಮ್ಮ ಲೆಕ್ಕಾನೇ ಬಂದಿದೆ. ಏನೋ ಬುದ್ಧಿವಂತಿಕೆ ತೋರ್ಸಿದಾರೆ, ಕೋಣೆ ತೆಗೆದು ಈಜುಕೊಳ ಮಾಡಿದಾರೆ. ನಾನು ಬಿಡ್ತೀನಾ? ಕೋಣೆಗೆ ನೀರು ತುಂಬಿಸಿದ್ರೆ ಕೊಳ. ಅಗಲ ಅದೇ ಎಂಟು."

"ವಿಸ್ತೀರ್ಣವೂ ಅದೇ ಇತ್ತಾ?"

"ನೂರೈವತ್ತೋ ಏನೋ ಇತ್ತು. ಅದೆಲ್ಲ ದಾರಿ ತಪ್ಪಿಸೋಕೆ ಹಾಕಿರ್ತಾರೆ."

ಇಂಥವನಿಗೆ ಬೈದರೆ ಬೈಗುಳಕ್ಕೆ ಅವಮಾನ. ನಾನು ಮುಖ ತಿರುಗಿಸಿ ನಿಂತೆ. ತಂಗಿ ಗಂಟೆ ಹೊಡೆದ ಮೇಲೆ, ಕೊನೆಯಲ್ಲಿ ಬಂದಳು. ಕೈ ಮೇಲೆಲ್ಲ ಶಾಯಿ.

"ಕೊಳದ ಅಗಲ?" ಕೇಳಿದೆ. ನನಗೆ ಮತ್ತೇನು ಕೇಳಬೇಕೋ ಗೊತ್ತಿರಲಿಲ್ಲ.

"ಹತ್ತು. ತಿರುಗಿ ಗುಣಿಸಿ ನೋಡಿದೆ. ಲಾಗರಿದಮ್ ಬಿಟ್ಟೆ ಅಕ್ಕಾ. ಸಾಲುತ್ತೋ ಇಲ್ವೋ."

ಸಾಲಿತು. ಕಾಲೇಜಿನ ಗೋಡೆಗೆ ಅಂಟಿಸಿದ ಫಲಿತಾಂಶದಲ್ಲಿ ಪಾಸಿನ ಗೆರೆಯಿಂದ ಎರಡೇ ಮಾರ್ಕು ಮೇಲೆ ಇದ್ದಳು. ಗೆರೆ ದಾಟಿದ ಮೇಲೆ ಎರಡಾದರೇನು, ಇಪ್ಪತ್ತಾದರೇನು. ಉಳಿದಿಬ್ಬರು ಎಂದಿನಂತೆ. ಪ್ರೊಫೆಸರ್ ಮಾತ್ರ ಊರೆಲ್ಲ ಬಟ್ಟೆ ಮುಟ್ಟಿಸುತ್ತಾ, "ನನ್ನ ಗುಂಪಿನವಳೇ ಪಾಸಾದಳು, ನಾನೇ ತಯಾರು ಮಾಡಿದ್ದು," ಎಂದು ಸಾರಿಕೊಂಡು ಬಂದ. ತಂಗಿಗೆ ಹೇಳಿದೆ, ಹೋಗಿ ಅವನ ಮುಖಕ್ಕೆ ಮಂಗಳಾರತಿ ಮಾಡು ಅಂತ. "ಅವರನ್ನೇ ನಂಬಿದ್ರೆ ಏನಾಗ್ತಿತ್ತು ಅಂತ ನನಗೆ ಗೊತ್ತು, ಸಾಕು," ಅಂದು ಪೆಟ್ಟಿಗೆ ತುಂಬಿಕೊಂಡಳು. ಬೆರಳ ತುದಿಗಳಿಗೆ ಮುಲಾಮು ಹಚ್ಚಿಕೊಂಡು ಹೊರಟಳು.

ಅವಳು ಹೋದ ವಾರವೇ ಪ್ರೊಫೆಸರ್ ಸಂಜೆ ಮತ್ತೆ ಸ್ಟೂಲು ಎಳೆದ. ಹೂಂಗುಟ್ಟಪ್ಪ ಆಗಲೇ ಕೂತಿದ್ದ.

"ನಿಮ್ಮ ತಂಗಿ ಪಾಲು ಖಾಲಿ ಇದೆ ಅಕ್ಕಾ. ಹರಟೆ ಲೆಕ್ಕ ನಿಮಗೆ ಹೇಳಿ ಮಾಡಿಸಿದ್ದು. ಸೇರ್ಕೊಳ್ತೀರಾ?"

"ಮೊದಲು ಆ ಕೊಳದ ಅಗಲ ಹೇಳು."

"ಎಂಟು!" ಅಂದ, ತಡೆಯಿಲ್ಲದೆ. ಆಮೇಲೆ ಪಕ್ಕಕ್ಕೆ ತಿರುಗಿ, "ಅಲ್ವೇನೋ?"

ಹೂಂಗುಟ್ಟಪ್ಪ ಮೇಜಿನ ಮೇಲಿದ್ದ ಪುಸ್ತಕ ನೋಡಿದ. ಪ್ರೊಫೆಸರನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ಊಹೂಂ," ಅಂದ.