ಮೇಷ್ಟ್ರ ಕಾರಿನ ಎರಡು ಲಕ್ಷ ಚಿಲ್ಲರೆ

ಆ ಊರಿನಲ್ಲಿ ಸ್ಟೀರಿಂಗ್ ಹಿಡಿದ ಕೈಗಳನ್ನೆಲ್ಲ ಸಾಲಾಗಿ ಚಾಚಿಸಿದರೆ ಮುಕ್ಕಾಲು ಪಾಲಿನ ಮೇಲೆ ಡ್ರೈವಿಂಗ್ ಮೇಷ್ಟ್ರ ಸ್ಕೇಲಿನ ಗುರುತು ಸಿಗುತ್ತಿತ್ತು. ಉಳಿದ ಕಾಲು ಪಾಲು ಜನ ಗಾಡಿಯನ್ನು ಹೇಗೋ ಮುಂದಕ್ಕೆ ತಳ್ಳುತ್ತಿದ್ದರು, ಅದನ್ನು ಡ್ರೈವಿಂಗ್ ಅನ್ನಲು ಮೇಷ್ಟ್ರು ತಯಾರಿರಲಿಲ್ಲ. ಅವರ ಶಿಷ್ಯರು ಕ್ಲಚ್ಚು ಬಿಟ್ಟರೆ ಹಿಂದಿನ ಸೀಟಿನಲ್ಲಿ ಮಲಗಿದ ಕೂಸು ಮಗ್ಗುಲು ಬದಲಾಯಿಸುತ್ತಿರಲಿಲ್ಲ. ಆದರೆ ಮೇಷ್ಟ್ರ ನಿಜವಾದ ಖ್ಯಾತಿ ಇದ್ದದ್ದು ನಾಲಗೆಯಲ್ಲಿ. ಹುಟ್ಟಿದಾಗಿನಿಂದ ಆ ನಾಲಗೆ ಸುಳ್ಳಿನ ರುಚಿ ಕಂಡಿರಲಿಲ್ಲ ಎಂದು ಊರೇ ಹೇಳುತ್ತಿತ್ತು, ಊರಿಗಿಂತ ಮೊದಲು ಮೇಷ್ಟ್ರೇ ಹೇಳುತ್ತಿದ್ದರು. ಕಲಿಯಲು ಬಂದ ಒಬ್ಬ ದೊಡ್ಡ ಪೊಲೀಸ್ ಸಾಹೇಬನ ಮುಖಕ್ಕೇ "ನಿಮಗೆ ಈ ಜನ್ಮದಲ್ಲಿ ರಿವರ್ಸ್ ಬರಲ್ಲ" ಎಂದಿದ್ದರು. ಸಾಹೇಬ ಇವತ್ತಿಗೂ ಮನೆಯ ಗೇಟು ದಾಟಿ ಹೋದರೆ ಹಿಂದಕ್ಕೆ ಬರದೆ, ಊರೆಲ್ಲ ಒಂದು ಸುತ್ತು ಹಾಕಿಕೊಂಡು ಬಂದು ಗೇಟಿನೊಳಗೆ ನುಗ್ಗುತ್ತಾನೆ.

ಇಂಥ ಮೇಷ್ಟ್ರ ಕಣ್ಣಿಗೆ ಕಣ್ಣಿನ ಡಾಕ್ಟರ್ ಟಾರ್ಚು ಬಿಟ್ಟು ನೋಡಿ, ಇನ್ನು ಮುಂದೆ ಪಕ್ಕದ ಸೀಟಿನಲ್ಲಿ ಕೂತರೂ ಹುಷಾರಾಗಿರಿ, ಓಡಿಸುವ ಮಾತಂತೂ ಬೇಡ ಎಂದುಬಿಟ್ಟರು. ಡ್ರೈವಿಂಗ್ ಸ್ಕೂಲಿಗೆ ಬೀಗ ಬಿತ್ತು. ಉಳಿದದ್ದು ಮನೆಯ ಮುಂದಿನ ಬೂದು ಬಣ್ಣದ ಸ್ವಂತ ಕಾರು. ದಿನ ಬೆಳಗಾದರೆ ಪಕ್ಕದ ಊರಿನ ಲೈಸೆನ್ಸ್ ಟೆಸ್ಟ್ ಮೈದಾನಕ್ಕೆ ಹೋಗಿ ಬಂದು ಅದರ ಮೀಟರಿನಲ್ಲಿ ಎರಡು ಲಕ್ಷ ಹನ್ನೆರಡು ಸಾವಿರ ಚಿಲ್ಲರೆ ಕಿಲೋಮೀಟರ್ ಸೇರಿತ್ತು. ಭೂಮಿಯನ್ನು ಐದು ಸಲ ಸುತ್ತಿದ ಲೆಕ್ಕ ಎಂದು ಮೇಷ್ಟ್ರು ಎದೆಯುಬ್ಬಿಸಿ ಹೇಳುತ್ತಿದ್ದರು. ಸುತ್ತಿದ್ದು ಅದೇ ಮೈದಾನಕ್ಕೆ ಅಲ್ಲವೇ ಎಂದು ಹೆಂಡತಿ ಕೇಳುತ್ತಿದ್ದಳು.

ಕಾರು ಮಾರೋಣ ಎಂದು ಮೊದಲು ಬಾಯಿಬಿಟ್ಟವಳೂ ಅವಳೇ. ನಿಂತ ಗಾಡಿ ಕಿಟಕಿಗೆ ಅಡ್ಡವಾಗಿ, ನಡುಮಧ್ಯಾಹ್ನವೂ ಅಡುಗೆಮನೆಯಲ್ಲಿ ದೀಪ ಹಾಕಬೇಕಾಗಿತ್ತು. ಅವಳ ತಮ್ಮ ಹಳೇ ಕಾರುಗಳ ವ್ಯಾಪಾರಿ. ಅವನ ಅಂಗಳದಲ್ಲಿ ನಿಂತ ಯಾವ ಕಾರಿನ ಮೀಟರೂ ಐವತ್ತು ಸಾವಿರ ದಾಟಿದ್ದನ್ನು ಯಾರೂ ಕಂಡಿಲ್ಲ. ಅಲ್ಲಿಗೆ ಬಂದ ಕಾರುಗಳಿಗೆಲ್ಲ ಪ್ರಾಯ ಮರಳುತ್ತಿತ್ತು. ಅಜ್ಜನಂತೆ ಕೆಮ್ಮುತ್ತ ಬಂದದ್ದು ವಾರದಲ್ಲಿ ಮದುವೆ ಗಂಡಿನಂತೆ ಹೊಳೆಯುತ್ತ ನಿಂತಿರುತ್ತಿತ್ತು. ಅವನು ಭಾವನ ಕಾರಿನ ಮೀಟರನ್ನು ನೋಡಿ, ಈ ಸಂಖ್ಯೆ ಇಟ್ಟುಕೊಂಡು ಮಾರಲು ಹೋದರೆ ಗುಜರಿಯವನೂ ಒಳಗೆ ಕರೆಯಲ್ಲ ಎಂದ. ಮೇಷ್ಟ್ರಿಗೆ ಮೂಗಿನ ತುದಿಗೆ ಸಿಟ್ಟು ಬಂತು. ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ಮಾರುತ್ತೇನೆ, ಆಗದಿದ್ದರೆ ನನ್ನ ಮಾತಿಗೆ ಈ ಊರಲ್ಲಿ ಬೆಲೆಯಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ ಎಂದು ಹೆಂಡತಿಯ ಎದುರಿಗೇ ಮಾತು ಕೊಟ್ಟುಬಿಟ್ಟರು. ಅಲ್ಲಿಗೆ ಮಾರಾಟಕ್ಕೆ ನಿಂತದ್ದು ಕಾರೊಂದೇ ಅಲ್ಲ ಎಂದಾಯಿತು.

ಮೊದಲು ಬಂದವನು ಬಟ್ಟೆ ಅಂಗಡಿಯ ಸಾಹುಕಾರ. ಜೊತೆಗೆ ಅವನ ಷಡ್ಡಕ. ಈ ಷಡ್ಡಕನಿಗೆ ನೆಂಟರೆಲ್ಲ ಸೇರಿ ಪಂಡಿತ ಎಂದು ಹೆಸರಿಟ್ಟಿದ್ದರು, ಏಕೆಂದರೆ ಮೋಸದ ಕಾರುಗಳನ್ನು ಅವನು ವಾಸನೆಯಿಂದಲೇ ಹಿಡಿಯುತ್ತಿದ್ದನಂತೆ. ಪಂಡಿತ ಕಾರಿನೊಳಗೆ ಹೊಕ್ಕರೆ ಹೆರಿಗೆ ಮಾಡಿಸುವವನ ಗಂಭೀರ ಮುಖ. ಸ್ಟೀರಿಂಗ್ ಸವೆದು ನುಣ್ಣಗಾಗಿದೆಯೇ ಎಂದು ಸವರಿದ. ಗೇರಿನ ಗುಬುಟಿನ ಮೇಲೆ ಅಂಕಿಗಳು ಅಳಿಸಿವೆಯೇ ಎಂದು ಕನ್ನಡಕ ಏರಿಸಿ ನೋಡಿದ. ಡ್ರೈವರ್ ಸೀಟಿನ ಅಂಚು ಕುಸಿದಿದೆಯೇ ಎಂದು ಒತ್ತಿದ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅಂಚಿನ ನೂಲು ಎದ್ದಿದೆಯೇ ಎಂದು ಹುಡುಕಿದ. ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಮೇಷ್ಟ್ರು ಆ ಸ್ಟೀರಿಂಗನ್ನು ಎರಡು ಬೆರಳಲ್ಲಿ ಹೂವಿನಂತೆ ಹಿಡಿದವರು. ಕೊನೆಗೆ ಪಂಡಿತ ಬಗ್ಗಿ ಪೆಡಲುಗಳನ್ನು ನೋಡಿದ, ನೋಡಿ ಕಳ್ಳನ ಜುಟ್ಟು ಸಿಕ್ಕವನ ಹಾಗೆ ಎದ್ದು ನಿಂತ. ಬ್ರೇಕ್ ಪೆಡಲಿನ ರಬ್ಬರು ಹೊಸದು, ಸವೆದದ್ದನ್ನು ಬಚ್ಚಿಡಲು ಹಾಕಿಸಿದ್ದು ಎಂದು ಅವನ ತೀರ್ಪು.

ಹೊಸದು ಯಾಕಿರಬಾರದು? ಕಾಲು ಜಾರಬಾರದು ಎಂದು ಮೇಷ್ಟ್ರು ಅದನ್ನು ಪದೇ ಪದೇ ಬದಲಾಯಿಸುತ್ತಿದ್ದರು, ಶಿಷ್ಯರಿಗೂ ಹಾಗೆ ಮಾಡಿ ಎಂದು ಬೋಧಿಸುತ್ತಿದ್ದರು. ಅದನ್ನೇ ವಿವರಿಸಿದರು. ಪಂಡಿತ ಮೀಸೆಯಡಿ ನಕ್ಕು ಸಾಹುಕಾರನನ್ನು ಪಕ್ಕಕ್ಕೆ ಕರೆದ. ಪಕ್ಕಕ್ಕೆ ಎಂದರೆ ಮೇಷ್ಟ್ರ ಕಿವಿಗೆ ಚೆನ್ನಾಗಿ ಬೀಳುವಷ್ಟು ಪಕ್ಕಕ್ಕೆ.

"ಮೀಟ್ರಲ್ಲಿ ಎರಡು ಲಕ್ಷ ತೋರಿಸ್ತಿದೆ ಅಂದ್ರೆ ಓಡಿರೋದು ನಾಲ್ಕು. ಎಲ್ರೂ ಅರ್ಧ ಇಳಿಸ್ತಾರೆ, ನಾವು ಡಬಲ್ ಮಾಡ್ಕೋಬೇಕು. ಇಳಿಸಿದ ಮೇಲೇ ಇಷ್ಟಿದೆ, ಇನ್ನು ಇಳಿಸೋ ಮುಂಚೆ ಎಷ್ಟಿತ್ತೋ!"

ಮೇಷ್ಟ್ರು ಸಿಡಿದರು. ಇಳಿಸುವವನು ಎರಡು ಲಕ್ಷಕ್ಕೆ ಯಾಕಯ್ಯ ನಿಲ್ಲಿಸುತ್ತಾನೆ, ನಲವತ್ತಕ್ಕೆ ನಿಲ್ಲಿಸುವುದಿಲ್ಲವೇ ಎಂದು ಕೇಳಿದರು. ಅದೇ ನಿಮ್ಮ ಜಾಣತನ ಎಂದ ಪಂಡಿತ. ನಂಬಿಕೆ ಬರಲಿ ಅಂತ ದೊಡ್ಡ ಸಂಖ್ಯೆ ಬಿಟ್ಟಿದ್ದೀರಿ ಎಂದು ಕೈಮುಗಿದು, ಸಾಹುಕಾರನನ್ನು ಹೊರಡಿಸಿಕೊಂಡು ಹೋದ.

ಆಮೇಲೆ ಬಂದವರದ್ದೂ ಇದೇ ರಾಗ. ಒಬ್ಬ ಮೀಟರು ನೋಡಿದ ಕೂಡಲೇ ಕಾರಿಗೆ ಶ್ರದ್ಧಾಂಜಲಿ ಸಲ್ಲಿಸುವವನ ಹಾಗೆ ಮೌನವಾಗಿ ನಿಂತು ಹೋದ. ಇನ್ನೊಬ್ಬ ಫೋನಿನಲ್ಲೇ ಸಂಖ್ಯೆ ಕೇಳಿ, ನಿಜ ಎಷ್ಟು ಹೇಳಿ ಎಂದ. ಇದೇ ನಿಜ ಎಂದರೆ, ಸರಿ ಬಿಡಿ, ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬೇಡ ಎಂದು ಇಟ್ಟುಬಿಟ್ಟ. ಬಂದವರಿಗೆಲ್ಲ ಮೇಷ್ಟ್ರು ಇನ್ನೊಂದು ನಿಜವನ್ನೂ ಹೇಳುತ್ತಿದ್ದರು: ಎಂಜಿನ್ನಿನ ಒಳಗಿನ ಬೆಲ್ಟನ್ನು ಲಕ್ಷ ಕಿಲೋಮೀಟರಿಗೊಮ್ಮೆ ಬದಲಾಯಿಸಬೇಕು, ಲಕ್ಷದ ಹತ್ತಿರ ಒಮ್ಮೆ ಬದಲಾಯಿಸಿದ್ದೇನೆ, ಎರಡನೇ ಸಲದ್ದು ಬಾಕಿ ಇದೆ, ಕಣ್ಣು ಕೈಕೊಟ್ಟಿದ್ದರಿಂದ ಉಳಿದುಹೋಯಿತು, ತಗೊಂಡವರು ಮೊದಲು ಅದನ್ನು ಮಾಡಿಸಬೇಕು, ಓಡುವಾಗ ಅದು ಕಿತ್ತುಹೋದರೆ ಎಂಜಿನ್ನು ಚೂರುಚೂರು. ಇಷ್ಟು ಕೇಳಿದವರು, ತಾನಾಗಿ ಇಷ್ಟು ಹೇಳುವವನು ಬಚ್ಚಿಟ್ಟದ್ದು ಇನ್ನೆಷ್ಟಿರಬೇಕು ಎಂದು ಇನ್ನೂ ವೇಗವಾಗಿ ಚಪ್ಪಲಿ ಮೆಟ್ಟುತ್ತಿದ್ದರು.

ಒಂದು ಮಧ್ಯಾಹ್ನ ಭಾವಮೈದುನ ಬಂದು ಕುರ್ಚಿ ಎಳೆದುಕೊಂಡು ಕೂತ. ಗೆದ್ದವನ ಠೀವಿ ತೋರಿಸಲಿಲ್ಲ, ಅದು ಮೇಷ್ಟ್ರಿಗೆ ಇನ್ನೂ ಉರಿಯಿತು. ಅಕ್ಕ ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಅವನು ಮೆಲ್ಲಗೆ ಹೇಳಿದ.

"ಭಾವ, ನೀವು ಎರಡು ಅಂದ್ರೆ ಅವ್ರಿಗೆ ಕೇಳೋದು ನಾಲ್ಕು. ಹಾಗಾದ್ರೆ ಸುಳ್ಳು ಹೇಳ್ತಿರೋದು ಯಾರು? ನೀವೇ. ಒಂದು ಅಂತ ಹೇಳಿ, ಎರಡು ಅಂತ ಕೇಳಿಸ್ಕೊಳ್ತಾರೆ. ಆಗ ನಿಮ್ ನಿಜ ಹಾಗೇ ಅವ್ರ ತಲೆ ಮುಟ್ಟತ್ತೆ."

ಮೇಷ್ಟ್ರು ಜೀವಮಾನದಲ್ಲಿ ಕೇಳಿದ ಅತ್ಯಂತ ಹೊಲಸು ಮಾತು ಅದು, ಆದರೆ ಎಲ್ಲಿ ಹಿಡಿದು ಎಳೆದರೂ ಹೊಲಿಗೆ ಬಿಚ್ಚಲಿಲ್ಲ. ರಾತ್ರಿಯೆಲ್ಲ ಹೊರಳಾಡಿದರು. ಹೆಂಡತಿಯನ್ನು ಕೇಳಿದರೆ ಅವಳು, ನಿಮ್ಮ ನಿಜಕ್ಕಿಂತ ನನಗೆ ಕಿಟಕಿಯ ಬೆಳಕು ಮುಖ್ಯ ಎಂದು ಮಗ್ಗುಲು ತಿರುಗಿದಳು.

ಕೊನೆಗೆ ಮೀಟರು ಇಳಿಸುವ ಕೆಲಸ ಭಾವಮೈದುನನ ಶೆಡ್ಡಿನಲ್ಲಿ ನಡೆಯಿತು. ದೊಡ್ಡ ಪಾಪಕ್ಕೆ ದೊಡ್ಡ ಯಂತ್ರ ಬೇಕಾಗುತ್ತದೆ, ಕಿಡಿ ಹಾರುತ್ತದೆ, ಕನಿಷ್ಠ ಸದ್ದಾದರೂ ಆಗುತ್ತದೆ ಎಂದು ಮೇಷ್ಟ್ರು ಎಣಿಸಿದ್ದರು. ಸೋಪಿನ ಡಬ್ಬಿಯಷ್ಟು ಒಂದು ಪೆಟ್ಟಿಗೆ, ಅದಕ್ಕೊಂದು ವೈರು. ಭಾವಮೈದುನ ಅದನ್ನು ಸ್ಟೀರಿಂಗಿನ ಕೆಳಗೆ ಎಲ್ಲೋ ಸಿಕ್ಕಿಸಿದ. ಮೀಟರಿನ ಅಂಕಿಗಳು ಒಮ್ಮೆ ಕಣ್ಣುಮುಚ್ಚಿ ತೆರೆದವು. ಒಂದು ಲಕ್ಷ ಆರು ಸಾವಿರ. ಮೇಷ್ಟ್ರು ಹಲ್ಲು ಕೀಳಿಸಿಕೊಂಡವರ ಹಾಗೆ ದವಡೆಯ ಮೇಲೆ ಕೈಯಿಟ್ಟುಕೊಂಡು ಮನೆಗೆ ಬಂದರು. ಇದು ಸುಳ್ಳಲ್ಲ, ಬರುವವರು ಹೇಗೂ ಎರಡರಿಂದ ಗುಣಿಸುತ್ತಾರೆ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಪಾಠ ಹೇಳಿಕೊಂಡರು. ಪೊಲೀಸ್ ಸಾಹೇಬನ ರಿವರ್ಸ್ ಬಿಟ್ಟರೆ, ಅವರು ಕಲಿಸಿದ ಪಾಠಗಳಲ್ಲಿ ಶಿಷ್ಯನ ತಲೆಗೆ ಹತ್ತದಿದ್ದದ್ದು ಇದೊಂದೇ.

ಗುಣಿಸುವವರು ಬರಲಿ ಎಂದು ಬಾಗಿಲು ಕಾಯುತ್ತಿದ್ದರೆ ಬಂದದ್ದು ನರ್ಸಮ್ಮ.

ಅವಳು ಮೇಷ್ಟ್ರ ಹಳೇ ಶಿಷ್ಯೆ. ಆಸ್ಪತ್ರೆ ಬಿಟ್ಟು, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಸೂಜಿ ಚುಚ್ಚಿ ಬರುವ ಕೆಲಸ ಹಿಡಿದಿದ್ದಳು. ಅನುಮಾನದಲ್ಲಿ ಅವಳನ್ನು ಮೀರಿಸಿದವರಿಲ್ಲ. ಔಷಧದ ಬಾಟಲಿಯ ತಾರೀಖನ್ನು ಮೂರು ಸಲ ಓದುವವಳು, ರೋಗಿ ಜ್ವರ ಇಲ್ಲ ಎಂದರೆ ಥರ್ಮಾಮೀಟರ್ ಇಟ್ಟು, ಆ ಥರ್ಮಾಮೀಟರನ್ನು ತನ್ನ ಬಾಯಿಗೂ ಇಟ್ಟು ತಾಳೆ ನೋಡುವವಳು. ಆವತ್ತು ಕಾರಿನ ಸುತ್ತ ಒಂದೇ ಒಂದು ಸುತ್ತು ಹಾಕಿ, ಒಳಗೆ ಕೂತು, ಕನ್ನಡಿ ಸರಿಮಾಡಿಕೊಂಡು, ನಗುತ್ತ ಕೆಳಗಿಳಿದಳು. ಬಾನೆಟ್ಟು ತೆಗೆಯಲಿಲ್ಲ. ಬಗ್ಗಿ ನೋಡಲಿಲ್ಲ. ಮೆಕ್ಯಾನಿಕ್‌ನ ಕರೆದುಕೊಂಡು ಬಾ ಎಂದು ಮೇಷ್ಟ್ರೇ ಎರಡು ಸಲ ಹೇಳಿದರು.

"ಬೇರೆಯವ್ರ ಕಾರಾಗಿದ್ರೆ ಇಬ್ರನ್ನ ಕರ್ಕೊಂಡ್ ಬರ್ತಿದ್ದೆ. ನಿಮ್ದು ತಾನೆ ಮೇಷ್ಟ್ರೇ. ಒಂದು ಲಕ್ಷ ಆರು ಅಂತ ಇದೆ, ಸಾಕು."

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಕಣ್ಣು ಮಂಜಾಗಿದ್ದರೂ ಇಷ್ಟು ಕಂಡಿತು: ಅಲ್ಲಿ ಯಾವ ಗುಣಾಕಾರವೂ ನಡೆಯುತ್ತಿರಲಿಲ್ಲ. ಒಂದು ಎಂದರೆ ಒಂದೇ. ಇಡೀ ಊರಿನಲ್ಲಿ ಅವರ ಮಾತನ್ನು ಅದರ ಅಳತೆಗೇ ತೆಗೆದುಕೊಳ್ಳುವ ಒಂದು ಜೀವ ಇತ್ತು, ಅದು ಮೊನ್ನೆ ಬರಲಿಲ್ಲ, ಇವತ್ತು ಬಂತು.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಕಾರು ಗಟ್ಟಿಯಾಗಿತ್ತು, ಕೇಳಿದ ಬೆಲೆಯೂ ಎರಡು ಲಕ್ಷ ಓಡಿದ ಕಾರಿನದ್ದೇ, ಅವಳಿಗೆ ನಷ್ಟವಿಲ್ಲ ಎಂದು ಮೇಷ್ಟ್ರು ತಮ್ಮೊಳಗೆ ವಕೀಲಿಕೆ ನಡೆಸಿದರು. ಬೆಲ್ಟಿನ ಮಾತು ಹೇಳಿಬಿಟ್ಟರೆ ಮನಸ್ಸು ಹಗುರಾದೀತು ಎಂದು ಎಲ್ಲರಿಗೂ ಹೇಳಿದ ಹಾಗೆ ಅವಳಿಗೂ ಶುರುಮಾಡಿದರು: ಲಕ್ಷದ ಹತ್ತಿರ ಬೆಲ್ಟು ಬದಲಾಯಿಸಿದ್ದೇನೆ... ಮುಂದಿನದ್ದು ಗಂಟಲಿನಿಂದ ಬರುವಷ್ಟರಲ್ಲಿ ಅವಳ ಮುಖ ಅರಳಿತು.

"ಅಯ್ಯೋ, ಹಾಗಾದ್ರೆ ಈಗಷ್ಟೇ ಹಾಕ್ಸಿರೋದು. ನನಗಿದ್ದ ಭಯ ಅದೊಂದೇ. ದೊಡ್ಡ ರಸ್ತೇಲಿ ಒಬ್ಳೇ ಹೋಗ್ಬೇಕಲ್ಲ, ಇನ್ನು ಮೂರ್ನಾಲ್ಕು ವರ್ಷ ಅದ್ರ ಕಡೆ ನೋಡೋದೇ ಬೇಡ."

ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜ. ಆದರೆ ಮೀಟರಿನ ಪಕ್ಕ ಇಟ್ಟಾಗ ಆ ನಿಜವೇ ಹಸಿ ಸುಳ್ಳಾಗಿ ನಿಂತಿತ್ತು. ಭಾವಮೈದುನನ ಅಂಗಳದ ಯಾವ ಸುಳ್ಳಿಗೂ ಇಷ್ಟು ಚೆಂದದ ಬಟ್ಟೆ ಇರಲಿಲ್ಲ. ಆ ಹುಡುಗಿ ಲಾರಿಗಳ ನಡುವೆ, ಕೈಯಲ್ಲಿ ಸೂಜಿಮದ್ದಿನ ಚೀಲ ಇಟ್ಟುಕೊಂಡು, ಚೂರಾದ ಎಂಜಿನ್ನಿನ ಜೊತೆ ನಿಂತದ್ದು ಅವರ ಮಂಜುಗಣ್ಣಿಗೆ ಸ್ಪಷ್ಟವಾಗಿ ಕಂಡಿತು.

ಹೇಳಿದರು. ನಿಂತಲ್ಲೇ, ಬಾಗಿಲಲ್ಲಿ ಹೆಂಡತಿ ನೋಡುತ್ತಿದ್ದ ಹಾಗೇ, ಪೆಟ್ಟಿಗೆ, ವೈರು, ಶೆಡ್ಡು ಎಲ್ಲವನ್ನೂ ಹೇಳಿದರು. ಜನ ಹೇಗೆ ಎರಡರಿಂದ ಗುಣಿಸುತ್ತಾರೆ, ಅದಕ್ಕೇ ಹೇಗೆ ಭಾಗಿಸಬೇಕಾಯಿತು ಎಂಬ ಲೆಕ್ಕವನ್ನೂ ಬಿಡಿಸಿ ಹೇಳಿದರು. ಬಾಯಿಂದ ಹೊರಗೆ ಬಂದ ಮೇಲೆ ಆ ಲೆಕ್ಕ ಅವರಿಗೇ ಪೊಲೀಸ್ ಸ್ಟೇಷನ್ನಿನಲ್ಲಿ ಕೊಟ್ಟ ಹೇಳಿಕೆಯ ಹಾಗೆ ಕೇಳಿಸಿತು. ಓಡಿರೋದು ಎರಡು ಲಕ್ಷ ಹನ್ನೆರಡು ಸಾವಿರ, ಬೆಲ್ಟು ಹಳೇದು, ಅದನ್ನು ನನ್ನ ಖರ್ಚಿನಲ್ಲೇ ಹಾಕಿಸಿಕೊಡುತ್ತೇನೆ ಎಂದು ಮುಗಿಸಿದರು.

ನರ್ಸಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಮೇಷ್ಟ್ರು ಆವತ್ತು ಊಟ ಮಾಡುತ್ತಿದ್ದರು. ಅವಳು ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು, ರೋಗಿಗಳ ಹಾಸಿಗೆಯ ಪಕ್ಕ ಕೂತು ಕೇಳುವ ಮೆತ್ತನೆಯ ದನಿಯಲ್ಲಿ ಕೇಳಿದಳು.

"ಎರಡು ಲಕ್ಷ ಹನ್ನೆರಡೇನಾ ಮೇಷ್ಟ್ರೇ? ಇನ್ನೂ ಜಾಸ್ತಿ ಇದ್ರೂ ಪರ್ವಾಗಿಲ್ಲ, ನನ್ ಹತ್ರ ಹೇಳ್ಬೋದು."

ಅಷ್ಟೇ ಎಂದರು ಮೇಷ್ಟ್ರು. ತಾಯಾಣೆ ಎಂದರು. ಆಣೆ ಹಾಕಿದ್ದು ಅದೇ ಮೊದಲು. ಅವರಂಥವರಿಗೆ ಆಣೆ ಯಾಕೆ ಬೇಕಿತ್ತು ಇಷ್ಟು ದಿನ? ಅವಳು ಸರಿ ಎಂದು ತಲೆಯಾಡಿಸಿದಳು. ಸಿಗರೇಟು ಬಿಟ್ಟು ತಿಂಗಳಾಯಿತು ಎಂದು ಆಣೆ ಮಾಡುವವರಿಗೆ ಅವಳು ತಲೆಯಾಡಿಸುವುದು ಹೀಗೆಯೇ. ಮನೆಯವರ ಜೊತೆ ಮಾತಾಡಿ ಫೋನ್ ಮಾಡುತ್ತೇನೆ ಎಂದು ಹೊರಟಳು. ಗೇಟು ಮುಚ್ಚುವಾಗ ಕೊಂಡಿ ಬಿದ್ದಿದೆಯೇ ಎಂದು ಎರಡು ಸಲ ಅಲ್ಲಾಡಿಸಿ ನೋಡಿದಳು.

ಫೋನು ಬರಲಿಲ್ಲ. ಬರುವುದಿಲ್ಲ ಎಂದು ಹೆಂಡತಿ ಆವತ್ತೇ ಅಂದಿದ್ದಳು. ವಾರ ಕಳೆಯುವ ಮುಂಚೆ ಮೇಷ್ಟ್ರು ಭಾವಮೈದುನನಿಂದಲೇ ಕಾರು ಓಡಿಸಿಕೊಂಡು ಅದೇ ಶೆಡ್ಡಿಗೆ ಹೋದರು. ಮಾರಾಟ ಹಾಳಾಗಿಹೋಗಲಿ, ಮೊದಲಿದ್ದ ಹಾಗೆ ಮಾಡಿಕೊಡು, ಕಾರು ಮನೆ ಮುಂದೆಯೇ ಕೊಳೆಯಲಿ, ನಿಜ ಹೊತ್ತುಕೊಂಡೇ ಕೊಳೆಯಲಿ ಎಂದರು. ಅವನು ವಾದಿಸಲಿಲ್ಲ. ಪೆಟ್ಟಿಗೆ ತಂದು ವೈರು ಸಿಕ್ಕಿಸಿ, ಪರದೆಯ ಮೇಲೆ ಬೆರಳಿಟ್ಟುಕೊಂಡು ಕಾದ.

"ಎಷ್ಟು ಹಾಕ್ಲಿ ಭಾವ?"

"ಎರಡು ಲಕ್ಷ ಹನ್ನೆರಡು ಸಾವಿರದ..." ಎಂದು ಮೇಷ್ಟ್ರು ಶುರುಮಾಡಿದರು.

ಅಲ್ಲಿಗೆ ನಿಂತರು. ಚಿಲ್ಲರೆ ಎಷ್ಟಿತ್ತು? ಇಷ್ಟು ದಿನ ಊರಿಗೆಲ್ಲ ಡಂಗುರ ಹೊಡೆದಿದ್ದರೂ ಕೊನೆಯ ಮೂರಂಕಿಯನ್ನು ಎಂದೂ ಬಾಯಿಪಾಠ ಮಾಡಿರಲಿಲ್ಲ. ಅದು ಮೀಟರಿನಲ್ಲೇ ಇರುತ್ತಿತ್ತಲ್ಲ, ನೆನಪಿಡುವ ಅಗತ್ಯವೇನು? ಮುನ್ನೂರರ ಮೇಲೋ, ಏಳುನೂರೋ. ಕಣ್ಣು ಮುಚ್ಚಿ ತಿಣುಕಿದರು, ಬಂದ ಅಂಕಿಗಳೆಲ್ಲ ಒಂದೇ ಥರ ಕಂಡವು.

"ಯಾವ್ದೋ ಒಂದು ಹೇಳಿ ಭಾವ," ಎಂದ ಅವನು, ಕೀಟಲೆಯಿಲ್ಲದ ದನಿಯಲ್ಲಿ. "ಯಾರು ನೋಡ್ತಾರೆ."

ಮೇಷ್ಟ್ರು ಯಾವುದೋ ಒಂದನ್ನು ಹೇಳಿದರು.